ಹಳದಿ ಗೂಡಿನ ತಾಯಿ ಮಾಗಡಿಯವಳು

ಹೆಬ್ಬಾಳದಿಂದ ಬಳ್ಳಾರಿ ರಸ್ತೆ ಹಿಡಿದು ಯಲಹಂಕ, ದೇವನಹಳ್ಳಿ ದಾಟಿ ವಿಜಯಪುರದ ಕಡೆ ತಿರುಗಿದರೆ ಹಿಪ್ಪುನೇರಳೆ ತೋಟಗಳು ಶುರುವಾಗುತ್ತವೆ. ಮುಂದೆ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ. ಅಲ್ಲಿ ಎರಡು ಬಣ್ಣದ ಗೂಡು ಕಾಣುತ್ತವೆ. ಹಳದಿಯದು ಸಿ.ಬಿ., ಅಂದರೆ ಮಿಶ್ರತಳಿ. ಬಿಳಿಯದು ಬೈವೋಲ್ಟೈನ್, ದ್ವಿತಳಿ. ಬಿಳಿ ಗೂಡಿನಲ್ಲಿ ನೂಲು ಹೆಚ್ಚು, ಸಾಮಾನ್ಯವಾಗಿ ರೇಟೂ ಹೆಚ್ಚು. ಹಾಗಿದ್ದರೂ ಹಳದಿ ಗೂಡು ಯಾಕೆ ಉಳಿದಿದೆ ಎಂದು ಕೇಳುತ್ತಾ ಹೋದರೆ ನಾವು ಟಿಪ್ಪು ಸುಲ್ತಾನನ ಕಾಲಕ್ಕೆ ಹೋಗಬೇಕಾಗುತ್ತದೆ.

1780ರ ದಶಕದಲ್ಲಿ ಟಿಪ್ಪು ಬಂಗಾಳಕ್ಕೆ ಆಳುಗಳನ್ನು ಕಳಿಸಿ ರೇಷ್ಮೆ ಹುಳು ತರಿಸಿದ. ನೂರಾರು ಬೆಳೆಗಳ ನಂತರ ನಮ್ಮ ಬಿಸಿಲು, ನಮ್ಮ ಸೊಪ್ಪು, ನಮ್ಮ ಮಣ್ಣಿನ ಗೋಡೆಯ ಮನೆಗೆ ಹೊಂದಿಕೊಂಡ ತಳಿಯೊಂದು ಇಲ್ಲಿ ನೆಲೆಯೂರಿತು. ಅದೇ ಮೈಸೂರು ತಳಿ. ಅಧಿಕಾರಿಗಳ ಬಾಯಲ್ಲಿ ‘ಪ್ಯೂರ್ ಮೈಸೂರು’. ಎರಡು ತುದಿ ಚೂಪಾದ, ಹಸಿರು ಮಿಶ್ರಿತ ಹಳದಿ ಗೂಡು. ಒಂದು ಗೂಡಿನ ಎಳೆ 400 ಮೀಟರ್ ದಾಟುವುದು ಕಷ್ಟ. ಆದರೆ ಹುಳು ಗಟ್ಟಿ, ವರ್ಷವಿಡೀ ಬೆಳೆ ತೆಗೆಯಬಹುದು.

ಇದನ್ನು ಸುಧಾರಿಸಬೇಕೆಂಬ ಪ್ರಯತ್ನ ಬೆಂಗಳೂರಿನಲ್ಲೇ ಶುರುವಾಯಿತು. 1890ರ ದಶಕದ ಕೊನೆಯಲ್ಲಿ ಜಮ್‌ಶೆಟ್‌ಜಿ ಟಾಟಾ ಜಪಾನಿನ ತಜ್ಞರನ್ನು ಕರೆಸಿ ರೇಷ್ಮೆ ಫಾರಂ ಮಾಡಿದರು. ಬಸವನಗುಡಿ ಕಡೆ ‘ಟಾಟಾ ಸಿಲ್ಕ್ ಫಾರಂ’ ಎಂಬ ಹೆಸರು ಇವತ್ತಿಗೂ ಇದೆ. ವಿಶ್ವೇಶ್ವರಯ್ಯ ದಿವಾನರಾಗಿದ್ದಾಗ ಇಟಲಿಯ ವಾಷಿಂಗ್ಟನ್ ಮಾರಿ ಎಂಬ ತಜ್ಞರು ಬಂದರು, ಚನ್ನಪಟ್ಟಣದಲ್ಲಿ ಸರ್ಕಾರಿ ಫಾರಂ ಆಯಿತು. ಆಗಿನ ದೊಡ್ಡ ಶತ್ರು ಗಂಟುರೋಗ. ಅದು ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಬರುತ್ತದೆ. ಮೊಟ್ಟೆ ಇಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗವಿದ್ದರೆ ಮೊಟ್ಟೆಯನ್ನು ಸುಡಬೇಕು ಎಂಬ ಫ್ರಾನ್ಸಿನ ಲೂಯಿ ಪಾಶ್ಚರ್ ಅವರ ವಿಧಾನವೇ ಬಿತ್ತನೆ ಕೋಠಿಗಳಿಗೆ ಬುನಾದಿ.

ರೋಗ ತಡೆದರೆ ಬೆಳೆ ಉಳಿಯುತ್ತದೆ, ಎಳೆ ಉದ್ದವಾಗುವುದಿಲ್ಲ. ಅದಕ್ಕೆ ದಾರಿ ತೋರಿಸಿದವರು ಜಪಾನಿನ ತೋಯಾಮಾ ಕಾಮೆತಾರೊ. ಸಯಾಮಿನಲ್ಲಿ, ಅಂದರೆ ಇಂದಿನ ಥಾಯ್ಲೆಂಡಿನಲ್ಲಿ ಕೆಲಸಕ್ಕಿದ್ದಾಗ ಅವರು ಅಲ್ಲಿನ ಹಳದಿ ಗೂಡಿನ ಹುಳುವನ್ನೂ ಜಪಾನಿನ ಬಿಳಿ ಗೂಡಿನ ಹುಳುವನ್ನೂ ಕೂಡಿಸಿದರು. ಹುಟ್ಟಿದ ಮರಿಗಳೆಲ್ಲ ಹಳದಿ ಗೂಡೇ ಕಟ್ಟಿದವು. ಆ ಮರಿಗಳನ್ನು ತಮ್ಮತಮ್ಮಲ್ಲೇ ಕೂಡಿಸಿದಾಗ ಮೂರು ಪಾಲು ಹಳದಿ, ಒಂದು ಪಾಲು ಬಿಳಿ ಬಂತು. 1906ರಲ್ಲಿ ಇದನ್ನು ಪ್ರಕಟಿಸಿದ ಅವರು, ಮೊದಲ ತಲೆಮಾರಿನ ಮಿಶ್ರತಳಿ ಅಪ್ಪ ಅಮ್ಮ ಇಬ್ಬರಿಗಿಂತ ಗಟ್ಟಿ ಎಂದೂ, ರೈತರಿಗೆ ಅದನ್ನೇ ಕೊಡಬೇಕೆಂದೂ ಹೇಳಿದರು. ನಮ್ಮ ಸಿ.ಬಿ. ಗೂಡು ಹಳದಿಯಾಗಿರುವುದಕ್ಕೂ ಇದೇ ಕಾರಣ. ಸಿ.ಬಿ. ಗೂಡನ್ನೇ ಬಿತ್ತನೆಗೆ ಇಟ್ಟುಕೊಂಡರೆ ಮುಂದಿನ ಬೆಳೆ ಒಂದೇ ಸಮ ಬಾರದಿರುವುದಕ್ಕೂ ಇದೇ ಕಾರಣ. ಪ್ರತಿ ಬೆಳೆಗೂ ಮೊಟ್ಟೆ ಕೊಳ್ಳಬೇಕಲ್ಲ ಎಂದು ಗೊಣಗುವವರಿಗೆ ಇದನ್ನು ಯಾರೂ ಬಿಡಿಸಿ ಹೇಳಿದಂತಿಲ್ಲ.

1920ರ ದಶಕದಲ್ಲಿ ಮೈಸೂರು ಸೀಮೆಯಲ್ಲೂ ಈ ಕೂಡಿಕೆ ಶುರುವಾಯಿತು. ತಾಯಿ ಮೈಸೂರು ತಳಿ, ತಂದೆ ಜಪಾನಿನಿಂದ ಬಂದ ಸಿ. ನಿಚಿ. ಇಲ್ಲಿ ತಾಯಿ ಯಾರು ಎಂಬುದು ಬಹಳ ಮುಖ್ಯ. ದ್ವಿತಳಿ ತಾಯಿ ಇಟ್ಟ ಮೊಟ್ಟೆ ಸಾಮಾನ್ಯವಾಗಿ ತಿಂಗಳುಗಟ್ಟಲೆ ನಿದ್ದೆಗೆ ಹೋಗುತ್ತದೆ. ಅದನ್ನು ತಪ್ಪಿಸಲು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಬೇಕು, ಇಲ್ಲವೇ ಶೀತಲ ಕೋಣೆಯಲ್ಲಿಟ್ಟು ಎಬ್ಬಿಸಬೇಕು. ಮೈಸೂರು ತಾಯಿಯ ಮೊಟ್ಟೆಗೆ ನಿದ್ದೆಯಿಲ್ಲ. ಗಂಡು ಯಾವ ತಳಿಯದಾದರೂ ಸರಿ, ಹತ್ತು ದಿನಕ್ಕೆ ಮರಿ. ಮೊಟ್ಟೆಯ ನಿದ್ದೆಯನ್ನು ನಿರ್ಧರಿಸುವವಳು ತಾಯಿ. ಹಾಗಾಗಿ ಆಮ್ಲ, ಶೀತಲಗೃಹ ಇಲ್ಲದ ಕಾಲದಲ್ಲೂ ಮಿಶ್ರತಳಿ ಊರೂರಿಗೆ ತಲುಪಿತು.

ಆಮೇಲೆ ತಂದೆ ಬದಲಾಗುತ್ತಾ ಬಂದ. ಸಿ. ನಿಚಿ ಹೋಗಿ, ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯ ಎನ್‌.ಬಿ.4ಡಿ2 ಬಂತು. 1991ರಲ್ಲಿ ಜಪಾನಿನ ಜೈಕಾ ನೆರವಿನ ಯೋಜನೆ ಶುರುವಾಗಿ, ಅದರಿಂದ ಸಿ.ಎಸ್.ಆರ್.2, ಸಿ.ಎಸ್.ಆರ್.4 ತಳಿಗಳು ಬಂದವು. ಇವೆರಡರ ಕೂಡಿಕೆಯೇ ಮಾರುಕಟ್ಟೆಯ ಬಿಳಿ ಗೂಡಿನ ಹೊಸ ಕಾಲ. ಎಳೆ ಸುಮಾರು ಸಾವಿರ ಮೀಟರ್. ಆದರೆ ಕೊನೆಯ ಹಂತದ ಹುಳುವಿಗೆ ಕೋಣೆಯ ಶಾಖ 24–25 ಡಿಗ್ರಿ ಇರಬೇಕು, ಸೋಂಕು ನಿವಾರಣೆ ಅಚ್ಚುಕಟ್ಟಾಗಿರಬೇಕು, ಸೊಪ್ಪು ರಸವತ್ತಾಗಿರಬೇಕು. ನವೆಂಬರಿನ ಜಿಕೆವಿಕೆ ಕೃಷಿ ಮೇಳಕ್ಕೆ ಹೋದವರಿಗೆ ಇದೆಲ್ಲ ಗೊತ್ತು. ಪ್ರತ್ಯೇಕ ಸಾಕಣೆ ಮನೆ ಕಟ್ಟಲಾಗದವರಿಗೆ, ಏಪ್ರಿಲ್ ಬಿಸಿಲಲ್ಲಿ ಬೆಳೆ ಇಡುವವರಿಗೆ ಹಳದಿಯೇ ಧೈರ್ಯ. ಅವರನ್ನು ಹಿಂದುಳಿದವರು ಅನ್ನುವುದು ನಮಗೆ ಸರಿಕಾಣದು.

ಆ ಧೈರ್ಯದ ಬೆಲೆ ಕಟ್ಟುವವರು ಬೇರೆ ಕಡೆ ಇದ್ದಾರೆ. ಮಿಶ್ರತಳಿ ಬೇಕೆಂದರೆ ಯಾರಾದರೂ ಶುದ್ಧ ಮೈಸೂರು ತಳಿಯನ್ನು ಬೆರಕೆಯಿಲ್ಲದೆ ಸಾಕುತ್ತಲೇ ಇರಬೇಕು. ಆ ಕೆಲಸ ಮಾಗಡಿ, ಕುಣಿಗಲ್ ಕಡೆಯ ಬಿತ್ತನೆ ಪ್ರದೇಶದ್ದು. ಅಲ್ಲಿನ ರೈತರು ಸಣ್ಣ ಗೂಡು, ಕಡಿಮೆ ಎಳೆಯ ಹುಳುವನ್ನೇ ಸಾಕಬೇಕು. ಪಕ್ಕದವರು ಸಿ.ಬಿ. ಸಾಕಿ ಹೆಚ್ಚು ತೂಕ ತೆಗೆಯುವುದನ್ನು ನೋಡುತ್ತಾ ಸುಮ್ಮನಿರಬೇಕು. ಅವರ ಹುಳು ಸುಧಾರಿಸಿತೆಂದರೆ ಅದು ಶುದ್ಧವಲ್ಲ ಎಂದೇ ಅನುಮಾನ! ಬಿತ್ತನೆ ಗೂಡಿಗೆ ಬೇರೆ ದರ, ಪ್ರೋತ್ಸಾಹಧನ ಕೊಡುವುದು ಇದಕ್ಕಾಗಿಯೇ. 1959ರ ಕಾಯ್ದೆ ಬಿತ್ತನೆಯನ್ನು ಲೈಸೆನ್ಸಿನ ಕೆಳಗೆ ತಂದಿದ್ದರ ಹಿಂದೆಯೂ ಇದೇ ಲೆಕ್ಕ. ಲೈಸೆನ್ಸಿಲ್ಲದವರ ಅಗ್ಗದ ಮೊಟ್ಟೆಯಲ್ಲಿ ತಾಯಿ ಶುದ್ಧಳೋ, ಗಂಟುರೋಗದ ಪರೀಕ್ಷೆ ಆಗಿದೆಯೋ ಹೇಳುವವರಿಲ್ಲ.

ಕೋಠಿಯಲ್ಲಿ ಮೊಟ್ಟೆ ತರುವಾಗ ತಳಿಯ ಹೆಸರು ನೋಡಿ. ‘ಪಿ.ಎಂ. × ಸಿ.ಎಸ್.ಆರ್.2’ ಎಂದಿರುತ್ತದೆ. ಗುಣಾಕಾರದ ಗುರುತಿನ ಎಡಕ್ಕೆ ಬರೆಯುವುದು ತಾಯಿಯ ಹೆಸರು.