ಕಾಲೇಜು ವಿದ್ಯಾರ್ಥಿಗಳಲ್ಲಿ ಮದ್ಯಪಾನ: ಪ್ರೇರಣೆಗಳು, ಕಾನೂನು ಮತ್ತು ಚಿಕಿತ್ಸಾ ಸೌಲಭ್ಯ

ಪೀಠಿಕೆ
ಔಷಧೀಯ ಉದ್ದೇಶಗಳನ್ನು ಹೊರತುಪಡಿಸಿ ಮಾದಕ ಪಾನೀಯಗಳ ಬಳಕೆಯನ್ನು ನಿಷೇಧಿಸಲು ರಾಜ್ಯವು ಪ್ರಯತ್ನಿಸತಕ್ಕದ್ದೆಂದು ಸಂವಿಧಾನದ 47ನೇ ಅನುಚ್ಛೇದವು ನಿರ್ದೇಶಿಸುತ್ತದೆ. ವಿದ್ಯಾರ್ಥಿಗಳು, ಪೋಷಕರು ಹಾಗೂ ಕಾಲೇಜುಗಳ ತಿಳಿವಳಿಕೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಪ್ರೇರಣೆಗಳು
ಮನಶ್ಶಾಸ್ತ್ರಜ್ಞೆ ಲಿನ್ ಕೂಪರ್ ಅವರು 1994ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯು ಮದ್ಯಪಾನದ ಪ್ರೇರಣೆಗಳನ್ನು ನಾಲ್ಕಾಗಿ ವಿಂಗಡಿಸುತ್ತದೆ:
ಅ) ಸಾಮಾಜಿಕ – ಹುಟ್ಟುಹಬ್ಬ, ಬೀಳ್ಕೊಡುಗೆ ಮುಂತಾದ ಕೂಟಗಳಲ್ಲಿ ಸ್ನೇಹಿತರೊಡನೆ ಸಂತೋಷಪಡಲು.
ಆ) ಉಲ್ಲಾಸ – ಅಮಲಿನ ಅನುಭವಕ್ಕಾಗಿ.
ಇ) ಮರೆವು – ಪರೀಕ್ಷೆಯ ಭಯ, ಅನುತ್ತೀರ್ಣತೆ, ಒಂಟಿತನಗಳನ್ನು ಮರೆಯಲು.
ಈ) ಅನುಸರಣೆ – ಗುಂಪಿನಿಂದ ಹೊರಗುಳಿಯುವ ಅಂಜಿಕೆಯಿಂದ.
ಇವುಗಳಲ್ಲಿ ಸಾಮಾಜಿಕ ಪ್ರೇರಣೆಯು ಅತಿ ಸಾಮಾನ್ಯ. ಆದರೆ ದುಃಖವನ್ನು ಮರೆಯಲು ಕುಡಿಯುವವರಲ್ಲಿ ಸಮಸ್ಯೆಗಳು ಹೆಚ್ಚಾಗಿ ಕಂಡುಬರುತ್ತವೆ. ಆದುದರಿಂದ ಪೋಷಕರು ಎಷ್ಟು ಕುಡಿದನೆಂದು ವಿಚಾರಿಸುವುದಕ್ಕೆ ಮೊದಲು ಏಕೆ ಕುಡಿದನೆಂಬುದನ್ನು ಸಮಾಧಾನದಿಂದ ಕೇಳುವುದು ಸೂಕ್ತ.

2. ಸ್ವಯಂ ಪರಿಶೀಲನೆ
ವಿಶ್ವ ಆರೋಗ್ಯ ಸಂಸ್ಥೆಯ 'ಆಡಿಟ್' ಪ್ರಶ್ನಾವಳಿಯಲ್ಲಿ 10 ಪ್ರಶ್ನೆಗಳಿದ್ದು, ಗರಿಷ್ಠ ಅಂಕ 40. 8 ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದಲ್ಲಿ ವೈದ್ಯರನ್ನು ಕಾಣುವುದು ಒಳಿತು. ಆರೋಗ್ಯಕ್ಕೆ ನಿರಪಾಯವೆನ್ನಬಹುದಾದ ಮದ್ಯದ ಪ್ರಮಾಣ ಯಾವುದೂ ಇಲ್ಲವೆಂದು ಸದರಿ ಸಂಸ್ಥೆಯು 2023ರಲ್ಲಿ ಸ್ಪಷ್ಟಪಡಿಸಿದೆ.

3. ಕಾನೂನು
ಕರ್ನಾಟಕ ಅಬಕಾರಿ ಅಧಿನಿಯಮ, 1965 ರನ್ವಯ 18 ವರ್ಷದೊಳಗಿನವರಿಗೆ ಮದ್ಯ ಮಾರುವುದು ಅಪರಾಧ. 1967ರ ಸನ್ನದು ಷರತ್ತುಗಳ ನಿಯಮಗಳಲ್ಲಿ ಈ ವಯೋಮಿತಿಯು 21 ವರ್ಷವಾಗಿದೆ. ಇದನ್ನು 18ಕ್ಕೆ ಇಳಿಸುವ 2023ರ ಕರಡನ್ನು ಸಾರ್ವಜನಿಕ ಆಕ್ಷೇಪಣೆಗಳ ತರುವಾಯ ಹಿಂಪಡೆಯಲಾಯಿತು.
100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ.ಗಿಂತ ಹೆಚ್ಚು ಮದ್ಯಸಾರವಿದ್ದು ವಾಹನ ಚಲಾಯಿಸಿದರೆ, ಮೋಟಾರು ವಾಹನ ಅಧಿನಿಯಮದ 185ನೇ ಪ್ರಕರಣದ ಮೇರೆಗೆ, ಮೊದಲ ಅಪರಾಧಕ್ಕೆ 6 ತಿಂಗಳವರೆಗೆ ಕಾರಾವಾಸ ಅಥವಾ ರೂ. 10,000 ದಂಡ ಅಥವಾ ಎರಡನ್ನೂ ವಿಧಿಸಬಹುದು.

4. ಒತ್ತಾಯದ ಮದ್ಯಪಾನ
ಹಿರಿಯ ವಿದ್ಯಾರ್ಥಿಗಳು ಕಿರಿಯರನ್ನು ಕುಡಿಯುವಂತೆ ಬಲವಂತಪಡಿಸುವುದು ರ‍್ಯಾಗಿಂಗ್ ಆಗುತ್ತದೆ. ಈ ಬಗ್ಗೆ ಕಾಲೇಜಿನ ರ‍್ಯಾಗಿಂಗ್ ತಡೆ ಸಮಿತಿಗೆ ಅಥವಾ ಸಹಾಯವಾಣಿ 1800-180-5522ಕ್ಕೆ ದೂರು ನೀಡಬಹುದು.

5. ತುರ್ತು ಸಂದರ್ಭ
ಕುಡಿದವರು ಎಬ್ಬಿಸಿದರೂ ಎಚ್ಚರಗೊಳ್ಳದಿದ್ದಲ್ಲಿ ಅಥವಾ ಉಸಿರಾಟ ನಿಧಾನವಾದಲ್ಲಿ, 'ನಿದ್ರೆ ಮಾಡಿದರೆ ಸರಿಹೋಗುತ್ತದೆ' ಎಂದು ಬಿಟ್ಟುಹೋಗಬಾರದು. ಅವರನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಕೂಡಲೇ 108ಕ್ಕೆ ಕರೆ ಮಾಡತಕ್ಕದ್ದು. ವಾರ್ಡನ್ ಅಥವಾ ಪೋಷಕರ ಭಯದಿಂದ ವಿಳಂಬ ಮಾಡಿದರೆ ಪ್ರಾಣಕ್ಕೆ ಅಪಾಯವಾಗಬಹುದು.

6. ಚಿಕಿತ್ಸೆ ಪಡೆಯುವ ಬಗೆ
ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗವನ್ನು ಅಥವಾ ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರವನ್ನು ಸಂಪರ್ಕಿಸಬಹುದು. ದೂರವಾಣಿಯ ಮೂಲಕ ಟೆಲಿ-ಮಾನಸ್ 14416 ಹಾಗೂ ವ್ಯಸನಮುಕ್ತಿ ಸಹಾಯವಾಣಿ 14446 ಉಚಿತವಾಗಿ ಲಭ್ಯವಿವೆ. ದೀರ್ಘಕಾಲ ಅತಿಯಾಗಿ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ಫಿಟ್ಸ್ ಉಂಟಾಗಬಹುದಾದ್ದರಿಂದ ವೈದ್ಯರ ಸಲಹೆ ಅವಶ್ಯ.

ಮಾನಸಿಕ ಆರೋಗ್ಯ ರಕ್ಷಣೆ ಅಧಿನಿಯಮ, 2017ರ ಪ್ರಕಾರ ಚಿಕಿತ್ಸೆಯ ವಿವರಗಳನ್ನು ಗೋಪ್ಯವಾಗಿಡುವುದು ರೋಗಿಯ ಹಕ್ಕಾಗಿರುತ್ತದೆ. ಆದ್ದರಿಂದ ವಿದ್ಯಾರ್ಥಿಗಳು ಸಂಕೋಚಪಡದೆ ಈ ಸೌಲಭ್ಯಗಳನ್ನು ಬಳಸಿಕೊಳ್ಳಬಹುದು.