ಪಾಠಕ್ಕೆ ಮೊದಲಿನ ಹೊತ್ತು

ಶಾಲೆಯ ಗೋಡೆಯಲ್ಲಿ ತೂಗುವ ವೇಳಾಪಟ್ಟಿಯಲ್ಲಿ ಉಪಾಧ್ಯಾಯನು ಪಾಠ ಹೇಳುವ 40 ನಿಮಿಷಗಳಿಗೆ ಒಂದು ಮನೆಯುಂಟು. ಆ 40 ನಿಮಿಷಗಳಿಗಾಗಿ ಅವನು ಹಿಂದಿನ ರಾತ್ರಿ ದೀಪದ ಮುಂದೆ ಕಳೆದ ಹೊತ್ತಿಗೆ ಮನೆಯಿಲ್ಲ. ಕಟ್ಟಡಗಳ ವೆಚ್ಚ, ಪರೀಕ್ಷೆಗಳ ಫಲಿತಾಂಶ, ಹಾಜರಿಯ ಲೆಕ್ಕ, ಇವೆಲ್ಲವೂ ಕಡತಗಳಲ್ಲಿ ಉಳಿಯುತ್ತವೆ. ಪಾಠಕ್ಕೆ ಮೊದಲಿನ ಈ ಹೊತ್ತು ಮಾತ್ರ ಲೆಕ್ಕವಿಲ್ಲದೆ ಸಂದುಹೋಗುತ್ತದೆ. 2020ರ ಮಾರ್ಚಿನಲ್ಲಿ ಕೊರೋನಾದ ದೆಸೆಯಿಂದ ಶಾಲೆಗಳ ಬಾಗಿಲು ಮುಚ್ಚಿ, ನಾವು ಕೈಯೊಳಗಿನ ಫೋನಿನ ಮೂಲಕ ಪಾಠ ಹೇಳಬೇಕಾಗಿ ಬಂದಾಗ, ಅದುವರೆಗೆ ಮರೆಯಲ್ಲಿದ್ದ ಆ ಹೊತ್ತು ಇಮ್ಮಡಿ ಮುಮ್ಮಡಿಯಾಗಿ ಬೆಳೆದು ನಮ್ಮ ಮನೆಮಂದಿಯ ಕಣ್ಣಿಗೂ ಬಿದ್ದಿತು. ಅದರ ಪೂರ್ವವೃತ್ತಾಂತವನ್ನು ನಮ್ಮ ನಾಡಾದ ಕೊಡಗಿನ ಮಟ್ಟಿಗೆ ನೆನೆಯಬೇಕೆಂಬ ಆಸೆ ನನಗೆ ಹುಟ್ಟಿದ್ದು ಆಗಲೇ.

ಅಚ್ಚಿನ ಪುಸ್ತಕಕ್ಕೆ ಮುಂಚೆ, ಮರಳ ಮೇಲೆ ಅಕ್ಷರ ತಿದ್ದಿಸಿ ಮಗ್ಗಿಯನ್ನೂ ಅಮರಕೋಶವನ್ನೂ ಬಾಯಿಪಾಠ ಮಾಡಿಸುತ್ತಿದ್ದ ಐಗಳ ಮಠಗಳ ಕಾಲದಲ್ಲಿ, ಸಿದ್ಧತೆಯೆಂಬುದು ದಿನದಿನದ ಕೆಲಸವಾಗಿರಲಿಲ್ಲ. ಐಗಳ ಕಂಠದಲ್ಲಿ ನೆಲಸಿದ್ದ ವಿದ್ಯೆಯೇ ಅವರ ಸಿದ್ಧತೆಯಾಗಿತ್ತು. 1834ರಲ್ಲಿ ಅರಸ ಚಿಕವೀರರಾಜೇಂದ್ರನು ಪದಚ್ಯುತನಾಗಿ ಕೊಡಗು ಇಂಗ್ಲಿಷರ ಆಳಿಕೆಗೆ ಒಳಪಟ್ಟ ತರುವಾಯ ಹೊಸ ರೀತಿಯ ಶಾಲೆಗಳು ಹುಟ್ಟಿಕೊಂಡುವು. ಮಂಗಳೂರಿನಲ್ಲಿ 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್ 1853ರಲ್ಲಿ ಇಲ್ಲಿಗೆ ಬಂದು, ಎರಡೇ ವರ್ಷಗಳಲ್ಲಿ ಕೊಡಗಿನ ವಿಚಾರವಾಗಿ ಒಂದು ಗ್ರಂಥವನ್ನು ಪ್ರಕಟಿಸಿದನು. ಮಡಿಕೇರಿಯ ಸೆಂಟ್ರಲ್ ಸ್ಕೂಲಿನ ಮುಖ್ಯಸ್ಥನಾಗಿದ್ದ ಜಾರ್ಜ್ ರಿಕ್ಟರನ ಕೊಡಗಿನ ಕೈಪಿಡಿ 1870ರಲ್ಲಿ ಹೊರಬಂದಿತು. ಮಳೆ ಬೆಳೆ ನದಿ ಬೆಟ್ಟ ಆಚಾರ ವಿಚಾರಗಳನ್ನೆಲ್ಲ ಒಳಗೊಂಡ ಆ ದೊಡ್ಡ ಪುಸ್ತಕವನ್ನು ತಿರುವಿಹಾಕುವಾಗಲೆಲ್ಲ, ಪಾಠ ಹೇಳಬೇಕಾದ ನಾಡನ್ನು ತಾನು ಮೊದಲು ಓದಿಕೊಳ್ಳಬೇಕೆಂಬ ಪರದೇಶಿ ಉಪಾಧ್ಯಾಯನೊಬ್ಬನ ಹಟ ನನಗೆ ಅದರಲ್ಲಿ ಕಾಣುತ್ತದೆ.

ತರಬೇತು ಪಡೆದ ಉಪಾಧ್ಯಾಯರು ಬಂದಮೇಲೆ ಸಿದ್ಧತೆಗೆ ಒಂದು ನೋಟ್‌ಬುಕ್ಕಿನ ಆಕಾರ ಬಂದಿತು. ಜರ್ಮನಿಯ ಹರ್ಬಾರ್ಟನ ಶಿಷ್ಯರು ರೂಪಿಸಿದ ಪಂಚಸೋಪಾನಗಳನ್ನು ಅನುಸರಿಸಿ, ಪೂರ್ವಜ್ಞಾನದ ಪರೀಕ್ಷೆಯಿಂದ ಅನ್ವಯದವರೆಗೆ ಪ್ರತಿಯೊಂದು ಹೆಜ್ಜೆಯನ್ನೂ ಮುಂಚಿತವಾಗಿಯೇ ಬರೆದು, ಮುಖ್ಯೋಪಾಧ್ಯಾಯರ ಕೆಂಪು ಶಾಯಿಯ ರುಜು ಹಾಕಿಸಿಕೊಳ್ಳತಕ್ಕ ಪಾಠಟಿಪ್ಪಣಿಯ ಪದ್ಧತಿ ಅದು. ಇನ್ಸ್ಪೆಕ್ಟರ ಭಯಕ್ಕಾಗಿ ಹಳೆಯ ಟಿಪ್ಪಣಿಯನ್ನೇ ವರ್ಷವರ್ಷವೂ ನಕಲು ಮಾಡಿದವರು ಉಂಟು. ಆದರೂ ಆ ಪದ್ಧತಿಯನ್ನು ನಾನು ಹಳಿಯಲಾರೆ. ನಾಳೆಯ ಪಾಠದಲ್ಲಿ ಮಗು ಎಲ್ಲಿ ಎಡವೀತೆಂದು ಇಂದೇ ಯೋಚಿಸುವ ಅಭ್ಯಾಸವನ್ನು ನನಗೆ ಕಲಿಸಿದ್ದು ಅದೇ.

ಆದರೆ ಟಿಪ್ಪಣಿಯಲ್ಲಿ ಹಿಡಿಯಲಾಗದ ಸಿದ್ಧತೆಯೂ ಒಂದಿದೆ; ಅದಕ್ಕೆ ನಿದರ್ಶನವಾಗಿ ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನಲ್ಲಿ ಮುಖ್ಯೋಪಾಧ್ಯಾಯರಾಗಿದ್ದ ಪಂಜೆ ಮಂಗೇಶರಾಯರು ಕಣ್ಣ ಮುಂದೆ ನಿಲ್ಲುತ್ತಾರೆ. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿ, ಮನೆಯಲ್ಲಿ ಕೊಂಕಣಿಯನ್ನೂ ಬೀದಿಯಲ್ಲಿ ತುಳುವನ್ನೂ ಕೇಳುತ್ತ ಬೆಳೆದ ಅವರು ಘಟ್ಟವನ್ನೇರಿ ಬಂದದ್ದು ಕೊಡವ ತಕ್ಕ್, ಅರೆಭಾಷೆ, ಮಲೆಯಾಳ, ಎರವ ನುಡಿಗಳ ನಾಡಿಗೆ. ಕನ್ನಡವು ಮನೆಮಾತಲ್ಲದ ಉಪಾಧ್ಯಾಯನು, ಕನ್ನಡವು ಮನೆಮಾತಲ್ಲದ ಮಕ್ಕಳಿಗೆ, ಕನ್ನಡದ ಸವಿಯನ್ನು ಉಣಿಸಬೇಕಾದ ಈ ಸಂದರ್ಭದಲ್ಲಿ ಪ್ರತಿಯೊಂದು ಶಬ್ದವನ್ನೂ ನಾಲಗೆಯ ಮೇಲಿಟ್ಟು ತೂಗಿ ನೋಡದೆ ವಿಧಿಯಿರಲಿಲ್ಲ. ಅವರು ಕೊಡಗನ್ನು ಕಣ್ತುಂಬ ನೋಡಿ ಹಾಡಿದ ‘ಹುತ್ತರಿ ಹಾಡು’ ಇಂದಿಗೂ ಇಲ್ಲಿನ ಮಕ್ಕಳ ಬಾಯಲ್ಲಿದೆ. ಅದನ್ನು ನಾಡಿನ ಸ್ತುತಿಯೆಂದು ಎಲ್ಲರೂ ಕೊಂಡಾಡುತ್ತಾರೆ. ಉಪಾಧ್ಯಾಯನಾದ ನಾನು ಅದನ್ನು ಒಬ್ಬ ಉಪಾಧ್ಯಾಯನ ಸಿದ್ಧತೆಯ ಫಲವೆಂದು ಕೂಡ ಓದುತ್ತೇನೆ. ಹೊರಗಿನಿಂದ ಬಂದವನೊಬ್ಬನು ಮಕ್ಕಳ ನಾಡನ್ನು ಮಕ್ಕಳಿಗೇ ತೋರಿಸಬೇಕಾದರೆ ಎಷ್ಟು ಸಂಜೆಗಳ ತಿರುಗಾಟ ಬೇಕಾಗಿದ್ದೀತು!

ಕಾಣದ ಶಿಷ್ಯನಿಗೆ ಪಾಠ ಹೇಳುವ ಕಷ್ಟವನ್ನು ನಮಗಿಂತ ಮೊದಲೇ ಅನುಭವಿಸಿದವರು ಅಂಚೆಯ ಮೂಲಕ ಕಲಿಸಿದವರು. 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಅಂಚೆ ಶಿಕ್ಷಣವನ್ನು ಆರಂಭಿಸಿತು. ಅದು ಮುಂದೆ 1996ರಲ್ಲಿ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು. ತರಗತಿಯಲ್ಲಿಯಾದರೆ ಮೂರನೆಯ ಬೆಂಚಿನ ಹುಡುಗನ ಹುಬ್ಬು ಗಂಟಾದುದನ್ನು ಕಂಡೊಡನೆ ಉಪಾಧ್ಯಾಯನು ಮಾತನ್ನು ತಿರುಗಿಸಿ ಬೇರೊಂದು ದೃಷ್ಟಾಂತವನ್ನು ಹುಡುಕುತ್ತಾನೆ; ಅಂದರೆ ಸಿದ್ಧತೆಯ ಅರ್ಧಭಾಗವನ್ನು ಮಕ್ಕಳ ಮುಖವೇ, ಪಾಠ ನಡೆಯುತ್ತಿರುವಾಗಲೇ, ಮಾಡಿಕೊಡುತ್ತದೆ. ಅಂಚೆಯಲ್ಲಿ ಹೋಗುವ ಪಾಠವನ್ನು ಬರೆಯುವವನಿಗೆ ಆ ನೆರವಿಲ್ಲದುದರಿಂದ, ಬರಬಹುದಾದ ಸಂದೇಹಗಳನ್ನೆಲ್ಲ ಅವನೇ ಊಹಿಸಿ, ಅವನೇ ಕೇಳಿ, ಅವನೇ ಉತ್ತರ ಕೊಡಬೇಕು. ಒಂದು ಗಂಟೆಯ ಉಪನ್ಯಾಸದ ವಿಷಯವು ಬರಹಕ್ಕಿಳಿಯುವಾಗ ಹಲವು ದಿನಗಳನ್ನು ನುಂಗುವುದು ಇದರಿಂದಲೇ.

2020ರ ಮಳೆಗಾಲದಲ್ಲಿ ನಮ್ಮ ಪಾಲಿಗೆ ಬಂದದ್ದು ಇದೇ ಕಷ್ಟ. ಜುಲೈಯಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ ‘ಸೇತುಬಂಧ’ದ ಪಾಠಗಳು ಮೊದಲಾದುವು, ಆದರೆ ಕಕ್ಕಡ ಮಾಸದ ಗಾಳಿಮಳೆಗೆ ಕರೆಂಟು ಹೋದರೆ ನಾಲ್ಕು ದಿನ ಬಾರದ ಊರುಗಳಲ್ಲಿ ಅವು ಎಷ್ಟು ಮನೆಗಳನ್ನು ಮುಟ್ಟಿಯಾವು? ನಾವು ನಾವೇ ಪಾಠಗಳನ್ನು ಬರೆದು, ಚಿತ್ರ ಬಿಡಿಸಿ, ಫೋನಿನ ಮುಂದೆ ಹೇಳಿ ಮುದ್ರಿಸಿಕೊಳ್ಳುತ್ತಿದ್ದೆವು. ಹೆಂಚಿನ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ಮಾತು ಮುಳುಗಿಹೋದರೆ ಮಳೆ ಬಿಡುವವರೆಗೆ ಕಾದು, ನಡುರಾತ್ರಿಯಲ್ಲಿ ಮತ್ತೆ ಮೊದಲಿನಿಂದ ಹೇಳುವುದು. ಬೆಳಗಾದ ಮೇಲೆ ನೆಟ್‌ವರ್ಕ್ ಸಿಗುವ ದಿಣ್ಣೆಯನ್ನು ಹತ್ತಿ ಅದನ್ನು ಕಳುಹಿಸುವುದು. ಸಂಜೆ ಮಕ್ಕಳು ಕಳುಹಿಸಿದ ನೋಟ್‌ಬುಕ್ಕಿನ ಚಿತ್ರಗಳನ್ನು ಕಣ್ಣು ಕಿರಿದು ಮಾಡಿಕೊಂಡು ತಿದ್ದುವುದು. ಸೋಮವಾರಪೇಟೆ ಸೀಮೆಯ ಒಬ್ಬ ಪ್ರಾಥಮಿಕ ಶಾಲೆಯ ಅಧ್ಯಾಪಕರು ಮನೆಯ ಬಳಿಯ ಮರದ ಮೇಲೆ ಬಿದಿರಿನ ಅಟ್ಟಣೆಯನ್ನು ಕಟ್ಟಿ ಅಲ್ಲಿಂದ ಪಾಠ ಹೇಳಿದರು. ಗದ್ದೆಯ ಪೈರನ್ನು ಆನೆಗಳಿಂದ ಕಾಯಲು ಇರುಳೆಲ್ಲ ಅಟ್ಟಣೆಯಲ್ಲಿ ಎಚ್ಚರವಿದ್ದ ಹಿರಿಯರ ನಾಡಿನಲ್ಲಿ ಆ ಸುದ್ದಿಯನ್ನು ಓದಿದ ನನಗೆ ಗಂಟಲು ಕಟ್ಟಿ ಬಂದಿತು.

ಆಗಸ್ಟಿನಲ್ಲಿ, ಮಕ್ಕಳಿದ್ದಲ್ಲಿಗೇ ಹೋಗಿ ಪಾಠ ಹೇಳುವ ‘ವಿದ್ಯಾಗಮ’ ಯೋಜನೆ ಬಂದಾಗ ತೋಟದ ಲೈನ್‌ಮನೆಗಳ ಅಂಗಳದಲ್ಲಿಯೂ ಹಾಡಿಗಳ ಮರದ ನೆರಳಿನಲ್ಲಿಯೂ ಮಕ್ಕಳ ಮುಖಗಳನ್ನು ಮತ್ತೆ ಕಂಡೆವು. ರೋಗದ ಭಯದಿಂದ ಅಕ್ಟೋಬರಿನಲ್ಲಿ ಅದೂ ನಿಂತಿತು.

2021ರ ಜನವರಿ 1ರಂದು ಹತ್ತನೆಯ ತರಗತಿ ತೆರೆಯಿತು. ಮೊದಲ ವಾರದಲ್ಲಿಯೇ, ತಂದೆಯ ಫೋನು ತಂದೆಯೊಡನೆ ಕೆಲಸಕ್ಕೆ ಹೋಗುತ್ತಿದ್ದುದರಿಂದ ರಾತ್ರಿ ಮಾತ್ರ ಪಾಠ ಕೇಳಿದ್ದ ಲೈನ್‌ಮನೆಯ ಹುಡುಗನೊಬ್ಬನು ಎದ್ದು ನಿಂತು, “ಸಾರ್, ಜಲವಿಭಾಜಕ ಅಂದರೆ ಏನು? ನನಗೆ ತಿಳಿಯಲಿಲ್ಲ” ಎಂದನು. ಮೂರು ರಾತ್ರಿ ಕುಳಿತು, ಬ್ರಹ್ಮಗಿರಿಯ ಚಿತ್ರ ಬರೆದು, ಕಾವೇರಿ ಮೂಡಣ ಕಡಲಿಗೂ ಬರಪೊಳೆ ಪಡುವಣ ಕಡಲಿಗೂ ಹೋಗುವ ದಾರಿಗಳಿಗೆ ಬೇರೆ ಬೇರೆ ಬಣ್ಣ ಹಚ್ಚಿ ನಾನು ಸಿದ್ಧಪಡಿಸಿದ್ದ ಪಾಠವದು. ನಾನು ಅವನನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ಶಾಲೆಯ ಹೆಂಚಿನ ಮಾಡಿನ ನೆತ್ತಿಯನ್ನು ತೋರಿಸಿ, ಅಲ್ಲಿ ಬಿದ್ದ ಮಳೆ ಯಾವ ಕಡೆಗೆ ಇಳಿಯುತ್ತದೆಂದು ಕೇಳಿದೆನು. “ಎರಡೂ ಕಡೆಗೆ, ಸಾರ್” ಎಂದವನು, ಕ್ಷಣ ತಡೆದು, ನಕ್ಕನು. ಜುಲೈಯ ಆ ರಾತ್ರಿಗಳಲ್ಲಿ ನನ್ನ ತಲೆಯ ಮೇಲೆಯೂ ಹೆಂಚಿನ ಮಾಡೇ ಇತ್ತು, ಅದರ ಎರಡು ಕಡೆಗೂ ಮಳೆಯ ನೀರು ಧಾರೆಯಾಗಿ ಇಳಿಯುತ್ತಿತ್ತು. ಕೇಳುವ ಹುಡುಗನೊಬ್ಬ ಎದುರಿಗಿರಲಿಲ್ಲ.