ಎಳೆಯ ಕೈಗೆ ಒಗ್ಗುವ ಸ್ವರಪ್ರತಿ: ಶಾಲಾ ತಂತಿವಾದ್ಯವೃಂದಗಳ ಕೃತಿ ಆಯ್ಕೆಯ ಇತಿಹಾಸ

ಶಾಲಾ ತಂತಿವಾದ್ಯವೃಂದವೆಂದರೆ ಪಿಟೀಲು, ವಯೊಲಾ, ಚೆಲ್ಲೊ ಮತ್ತು ಡಬಲ್ ಬಾಸ್ ಎಂಬ ನಾಲ್ಕು ಕಮಾನು ವಾದ್ಯಗಳನ್ನು ನುಡಿಸುವ ಮಕ್ಕಳ ಮೇಳ. ಪಿಟೀಲಿನವರು ಎರಡು ಗುಂಪಾಗಿ ಕೂರುತ್ತಾರೆ. ಉಳಿದ ವಾದ್ಯಗಳಿಗೆ ಒಂದೊಂದು ಗುಂಪು. ಪ್ರತಿ ಗುಂಪಿನ ಮುಂದೆ ಆ ಗುಂಪು ನುಡಿಸಬೇಕಾದ ಸ್ವರಗಳನ್ನಷ್ಟೇ ಅಚ್ಚು ಹಾಕಿದ ಹಾಳೆ ಇರುತ್ತದೆ. ಎಲ್ಲ ಗುಂಪುಗಳ ಸ್ವರಗಳೂ ಒಂದರ ಕೆಳಗೊಂದು ಬರುವ ಸ್ಕೋರ್ ಮೇಳ ನಡೆಸುವ ಶಿಕ್ಷಕರ ಬಳಿ ಇರುತ್ತದೆ. ಇವೆಲ್ಲ ಸೇರಿ ಒಂದು ಕೃತಿಯ ಸ್ವರಪ್ರತಿ. ಯಾವ ಮಕ್ಕಳ ಮುಂದೆ ಯಾವ ಸ್ವರಪ್ರತಿ ಇಡಬೇಕು ಎಂಬ ಪ್ರಶ್ನೆಗೆ ಇಂಗ್ಲೆಂಡ್, ಜರ್ಮನಿ ಮತ್ತು ಅಮೆರಿಕದ ಶಿಕ್ಷಕರೂ ಪ್ರಕಾಶಕರೂ ಸಂಗೀತ ರಚನಕಾರರೂ ನೂರಕ್ಕೂ ಹೆಚ್ಚು ವರ್ಷಗಳಿಂದ ಉತ್ತರ ಹುಡುಕಿದ್ದಾರೆ. ಸಿಕ್ಕಿದ್ದನ್ನು ನುಡಿಸುವ ಕಾಲದಿಂದ ಮಗುವಿನ ಕೈಯನ್ನು ನೋಡಿ ಕೃತಿ ಆರಿಸುವ ಕಾಲದವರೆಗಿನ ದಾರಿಯೇ ಈ ಇತಿಹಾಸ.

ತಂತಿಗಳು ಹಾಕಿಕೊಟ್ಟ ಗಡಿ

ಆಯ್ಕೆಯ ಮೊದಲ ನಿಯಮ ವಾದ್ಯಗಳ ಕಟ್ಟಣೆಯಲ್ಲೇ ಇದೆ. ಪಿಟೀಲಿನ ತಂತಿಗಳು ಮಂದ್ರದಿಂದ ತಾರದ ಕಡೆಗೆ ಜಿ, ಡಿ, ಎ, ಇ. ವಯೊಲಾ ಮತ್ತು ಚೆಲ್ಲೊ ತಂತಿಗಳು ಸಿ, ಜಿ, ಡಿ, ಎ. ಡಬಲ್ ಬಾಸಿನವು ಇ, ಎ, ಡಿ, ಜಿ. ನಾಲ್ಕೂ ವಾದ್ಯಗಳಲ್ಲಿ ಇರುವ ತಂತಿಗಳು ಜಿ, ಡಿ, ಎ ಮೂರೇ. ಮಕ್ಕಳೆಲ್ಲ ಒಂದೇ ರಾಗವನ್ನು ಒಟ್ಟಿಗೆ ನುಡಿಸಬೇಕಾದರೆ ಅದು ಈ ತಂತಿಗಳ ಮೇಲೆಯೇ ನಡೆಯಬೇಕು. ಆದ್ದರಿಂದ ಆರಂಭದ ಕೃತಿಗಳಲ್ಲಿ ಹೆಚ್ಚಿನವು ಡಿ ಮೇಜರ್ ಅಥವಾ ಜಿ ಮೇಜರ್‌ನಲ್ಲಿರುತ್ತವೆ.

ಮೇಜರ್ ಸ್ವರಶ್ರೇಣಿ ಎಂದರೆ ಕರ್ನಾಟಕ ಸಂಗೀತದ ಶಂಕರಾಭರಣದ ಸ್ವರಗಳು. ಪಿಟೀಲಿನಲ್ಲಿ ಡಿ ತಂತಿಯನ್ನು ಖಾಲಿ ಬಿಟ್ಟು ನುಡಿಸಿದರೆ ಷಡ್ಜ. ಮೂರು ಬೆರಳುಗಳನ್ನು ಒಂದಾದಮೇಲೊಂದು ಇಟ್ಟರೆ ಮುಂದಿನ ಮೂರು ಸ್ವರ. ಪಕ್ಕದ ಎ ತಂತಿಯ ಮೇಲೆ ಅದೇ ಬೆರಳುಗಳನ್ನು ಅದೇ ಅಂತರದಲ್ಲಿ ಇಟ್ಟರೆ ಮೇಲಿನ ಷಡ್ಜ ತಲುಪಬಹುದು. ಒಂದು ತಂತಿಯ ಮೇಲೆ ಕಲಿತ ಬೆರಳಿನ ಜೋಡಣೆ ಎರಡು ತಂತಿಗೂ ಸಾಕು. ಕರ್ನಾಟಕ ಸಂಗೀತದಲ್ಲಿ ಸರಳೆ ವರಸೆಯನ್ನು ಮಾಯಾಮಾಳವಗೌಳದಲ್ಲಿ ಶುರುಮಾಡುವುದನ್ನು ಪರಂಪರೆ ಗೊತ್ತುಮಾಡಿತು; ಪಾಶ್ಚಾತ್ಯ ಶಾಲಾ ಮೇಳದ ಮೊದಲ ಪಾಠವನ್ನು ಗೊತ್ತುಮಾಡಿದ್ದು ವಾದ್ಯಗಳ ತಂತಿಗಳು.

ಈ ಶ್ರೇಣಿ ಎಲ್ಲರಿಗೂ ಸುಲಭ ಎಂಬುದೂ ಪೂರ್ತಿ ನಿಜವಲ್ಲ. ಡಬಲ್ ಬಾಸಿನ ಸ್ವರಸ್ಥಾನಗಳು ಒಂದಕ್ಕೊಂದು ಬಹಳ ದೂರ. ಪಿಟೀಲಿನ ಹುಡುಗಿ ಕೈ ಅಲುಗಿಸದೆ ನುಡಿಸುವ ಡಿ ಮೇಜರ್ ಶ್ರೇಣಿಯನ್ನೇ ಬಾಸಿನ ಹುಡುಗ ಮುಗಿಸಬೇಕಾದರೆ ಎಡಗೈಯನ್ನು ತಂತಿಯ ಮೇಲೆ ಜರುಗಿಸಬೇಕಾಗುತ್ತದೆ. ಒಬ್ಬರಿಗೆ ಮೊದಲ ತಿಂಗಳ ಪಾಠವಾದದ್ದು ಇನ್ನೊಬ್ಬರಿಗೆ ಎಷ್ಟೋ ತಿಂಗಳ ನಂತರದ್ದು. ಒಂದೇ ಮೇಳದೊಳಗಿನ ಈ ಅಸಮಾನತೆ ಕೃತಿ ಆರಿಸುವವರನ್ನು ಇಂದಿಗೂ ಬಿಟ್ಟಿಲ್ಲ.

ಮೇಡ್‌ಸ್ಟನ್‌ನ ಪಿಟೀಲು ತರಗತಿಗಳು

ಸಾಮಾನ್ಯ ಶಾಲೆಗಳ ಮಕ್ಕಳಿಗೆ ಗುಂಪಿನಲ್ಲಿ ಪಿಟೀಲು ಕಲಿಸುವ ದೊಡ್ಡ ಪ್ರಯತ್ನ 1890ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಕೆಂಟ್ ಪ್ರಾಂತದ ಮೇಡ್‌ಸ್ಟನ್ ಪಟ್ಟಣದಲ್ಲಿ ಶುರುವಾಯಿತು. ಲಂಡನ್ನಿನ ವಾದ್ಯ ವ್ಯಾಪಾರಿಗಳಾದ ಮರ್ಡಾಕ್ ಕಂಪನಿ ಅಲ್ಲಿನ ಶಾಲೆಯೊಂದಕ್ಕೆ ಅಗ್ಗದ ಪಿಟೀಲುಗಳನ್ನು ಒದಗಿಸಿತು. ಪೋಷಕರು ವಾರವಾರವೂ ಚಿಲ್ಲರೆ ಕಾಸು ಕೊಟ್ಟು ಹಣ ತೀರಿಸಬಹುದಾಗಿತ್ತು. ವಾದ್ಯದ ಜೊತೆಗೆ ಪಾಠಕ್ರಮವೂ ಸ್ವರಪ್ರತಿಯೂ ಬಂದವು. ‘ಮೇಡ್‌ಸ್ಟನ್’ ಎಂಬ ಹೆಸರಿನ ಚೀಟಿ ಅಂಟಿಸಿದ ಆ ಪಿಟೀಲುಗಳು ಇವತ್ತಿಗೂ ಹಳೆಯ ವಾದ್ಯಗಳ ಅಂಗಡಿಗಳಲ್ಲಿ ಕಾಣಸಿಗುತ್ತವೆ. ಕೆಲವೇ ವರ್ಷಗಳಲ್ಲಿ ಈ ಕ್ರಮ ದೇಶದ ಸಾವಿರಾರು ಶಾಲೆಗಳಿಗೆ ಹಬ್ಬಿತು. ಶಾಲಾ ವಾದ್ಯವೃಂದಗಳ ರಾಷ್ಟ್ರೀಯ ಒಕ್ಕೂಟವೊಂದು ಹುಟ್ಟಿ, ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ಸಾವಿರಾರು ಮಕ್ಕಳು ಒಟ್ಟಿಗೆ ಕಮಾನು ಎಳೆಯುವ ವಾರ್ಷಿಕ ಉತ್ಸವ ನಡೆಸತೊಡಗಿತು.

ಈ ಮೇಳಗಳಲ್ಲಿ ಬಹುಪಾಲು ಪಿಟೀಲುಗಳೇ ಇದ್ದವು. ಕೃತಿಗಳೂ ಅದಕ್ಕೆ ತಕ್ಕಂತೆ ಇದ್ದವು: ಜನಕ್ಕೆ ಗೊತ್ತಿದ್ದ ಹಾಡುಗಳು, ಮೆರವಣಿಗೆಯ ಧಾಟಿಗಳು, ಸರಳ ನೃತ್ಯಗತಿಗಳು, ಜೊತೆಗೆ ಪಿಯಾನೊ. ಎಲ್ಲರೂ ಒಂದೇ ರಾಗ ನುಡಿಸಿದಾಗ ಹತ್ತು ಮಂದಿಗಾಗಲಿ ಸಾವಿರ ಮಂದಿಗಾಗಲಿ ಒಂದೇ ಹಾಳೆ ಸಾಕಾಗುತ್ತಿತ್ತು. ವಾದ್ಯ ಮಾರುವವರೇ ಸಂಗೀತವನ್ನೂ ಒದಗಿಸುತ್ತಿದ್ದುದರಿಂದ ಶಿಕ್ಷಕರಿಗೆ ಆಯ್ದುಕೊಳ್ಳಲು ಹೆಚ್ಚಿನ ಅವಕಾಶವಿರಲಿಲ್ಲ. ಆದರೆ ಬಡವರ ಮಗುವೂ ಸ್ವರಲಿಪಿ ಓದಿ ಮೇಳದಲ್ಲಿ ನುಡಿಸಬಲ್ಲದು ಎಂಬುದನ್ನು ಮೇಡ್‌ಸ್ಟನ್ ತೋರಿಸಿಕೊಟ್ಟಿತು. ಮೊದಲ ಮಹಾಯುದ್ಧದ ನಂತರ ಈ ಚಳವಳಿಯ ಭರಾಟೆ ಇಳಿಯಿತು. ಅಷ್ಟರಲ್ಲಿ ಅದು ಅಟ್ಲಾಂಟಿಕ್ ದಾಟಿತ್ತು.

ಅಮೆರಿಕದ ಶಾಲೆಗಳಲ್ಲಿ

ಬಾಸ್ಟನ್ ಶಾಲೆಗಳಲ್ಲಿ ಸಂಗೀತ ಕಲಿಸುತ್ತಿದ್ದ ಆಲ್ಬರ್ಟ್ ಮಿಚೆಲ್ 1910ರ ಸುಮಾರಿಗೆ ಇಂಗ್ಲೆಂಡಿಗೆ ಹೋಗಿ ಈ ತರಗತಿಗಳನ್ನು ಕಣ್ಣಾರೆ ನೋಡಿಬಂದರು. ಮರಳಿ ಬಂದು ಬಾಸ್ಟನ್ನಿನಲ್ಲಿ ಪಿಟೀಲು ತರಗತಿಗಳನ್ನು ತೆರೆದರು. ತರಗತಿಯ ಪಾಠಕ್ಕೆಂದೇ ಪುಸ್ತಕವನ್ನೂ ಬರೆದರು. ಮುಂದಿನ ಹೆಜ್ಜೆ 1923ರಲ್ಲಿ ಜೋಸೆಫ್ ಮ್ಯಾಡಿ ಮತ್ತು ಥ್ಯಾಡಿಯಸ್ ಗಿಡಿಂಗ್ಸ್ ಸೇರಿ ಹೊರತಂದ ‘ಯೂನಿವರ್ಸಲ್ ಟೀಚರ್’. ಬೇರೆ ಬೇರೆ ವಾದ್ಯ ಹಿಡಿದ ಮಕ್ಕಳು ಒಂದೇ ಕೋಣೆಯಲ್ಲಿ ಕೂತು ಮೊದಲ ದಿನದಿಂದಲೇ ಒಟ್ಟಿಗೆ ನುಡಿಸುವಂತೆ ಅದನ್ನು ಹೊಂದಿಸಿದ್ದರು. ಗಿಡಿಂಗ್ಸ್ ಮೂಲತಃ ಹಾಡುಗಾರಿಕೆಯ ಶಿಕ್ಷಕರು. ಹಾಗಾಗಿ ಪಾಠಗಳಿಗೆ ಮಕ್ಕಳಿಗೆ ಗೊತ್ತಿರುವ ಹಾಡುಗಳನ್ನೇ ಆರಿಸಲಾಯಿತು. ಮೊದಲು ಹಾಡು, ಆಮೇಲೆ ವಾದ್ಯ. ಕಿವಿಗೆ ಗೊತ್ತಿರುವ ರಾಗದಲ್ಲಿ ಅಪಸ್ವರ ಬಂದರೆ ಮಗುವೇ ಕಂಡುಕೊಳ್ಳುತ್ತದೆ ಎಂಬ ಅನುಭವ ಇಂದಿನ ಆರಂಭಿಕ ಪುಸ್ತಕಗಳಲ್ಲೂ ಉಳಿದಿದೆ.

ಇದೇ ಮ್ಯಾಡಿ 1926ರಲ್ಲಿ ಡೆಟ್ರಾಯ್ಟ್‌ನಲ್ಲಿ ಹಲವು ರಾಜ್ಯಗಳ ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳ ರಾಷ್ಟ್ರೀಯ ಹೈಸ್ಕೂಲ್ ವಾದ್ಯವೃಂದವನ್ನು ಕೂಡಿಸಿದರು. 1928ರಲ್ಲಿ ಮಿಷಿಗನ್‌ನ ಇಂಟರ್‌ಲಾಕನ್‌ನಲ್ಲಿ ಬೇಸಿಗೆ ಸಂಗೀತ ಶಿಬಿರ ಆರಂಭಿಸಿದರು. 1929ರಿಂದ ಶಾಲಾ ವಾದ್ಯವೃಂದಗಳಿಗೆ ರಾಷ್ಟ್ರಮಟ್ಟದ ಸ್ಪರ್ಧೆಗಳೂ ನಡೆದವು. ಸ್ಪರ್ಧೆಗೆ ಎಲ್ಲರೂ ನುಡಿಸಬೇಕಾದ ಕೃತಿ ಬೇಕು. ಶಾಲೆಗಳನ್ನು ವರ್ಗಗಳಾಗಿ ವಿಂಗಡಿಸಬೇಕು. ಪ್ರತಿ ವರ್ಗಕ್ಕೂ ಅದಕ್ಕೆ ತಕ್ಕ ಕೃತಿಗಳ ಪಟ್ಟಿ ಬೇಕು. ಶಿಕ್ಷಕರ ಸಮಿತಿಗಳು ಕೂತು ಸ್ವರಪ್ರತಿಗಳನ್ನು ತೂಗಿ ನೋಡಿ ಪಟ್ಟಿ ಮಾಡುವ ಪದ್ಧತಿ ಹೀಗೆ ಗಟ್ಟಿಯಾಯಿತು.

ಅದೇ ಹೊತ್ತಿನಲ್ಲಿ ಇನ್ನೊಂದು ಕಡೆಯಿಂದ ನೆರವು ಬಂತು. ಮೂಕಿ ಚಿತ್ರಗಳಿಗೆ ಹಿನ್ನೆಲೆ ನುಡಿಸುತ್ತಿದ್ದ ಚಿತ್ರಮಂದಿರಗಳ ಮೇಳಗಳು ಟಾಕಿ ಬಂದೊಡನೆ ಮುಚ್ಚಿಹೋದವು. ಕೆಲಸ ಕಳೆದುಕೊಂಡ ವಾದಕರಲ್ಲಿ ಅನೇಕರು ಶಾಲೆ ಸೇರಿದರು. ಚಿತ್ರಮಂದಿರದ ಸ್ವರಪ್ರತಿಗಳಲ್ಲಿ ಒಂದು ವಿಶೇಷವಿತ್ತು. ಅಂದು ಬಾರದ ವಾದ್ಯದ ಮುಖ್ಯ ಸ್ವರಗಳನ್ನು ಬಂದಿರುವ ವಾದ್ಯದ ಹಾಳೆಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿರುತ್ತಿದ್ದರು. ಯಾರು ಇಲ್ಲದಿದ್ದರೂ ಮೇಳ ನಿಲ್ಲುತ್ತಿರಲಿಲ್ಲ. ಶಾಲೆಗಳಿಗೆ ಬೇಕಿದ್ದದ್ದೂ ಇದೇ.

ಷಿಕಾಗೊದ ಮರ್ಲ್ ಐಸಾಕ್ (1898–1996) ಈ ಎರಡೂ ಲೋಕಗಳನ್ನು ಬಲ್ಲವರು. ಚಿತ್ರಮಂದಿರದಲ್ಲಿ ಆರ್ಗನ್ ನುಡಿಸುತ್ತಿದ್ದ ಅವರು ಮಾರ್ಷಲ್ ಹೈಸ್ಕೂಲಿನಲ್ಲಿ ವಾದ್ಯವೃಂದ ಕಟ್ಟಿದರು. ತಮ್ಮ ಮಕ್ಕಳ ಕೈಗೆ ಒಗ್ಗುವ ಕೃತಿಗಳು ಅಂಗಡಿಯಲ್ಲಿ ಸಾಲದಾದಾಗ ಹೆಸರಾಂತ ಕೃತಿಗಳನ್ನು ತಾವೇ ಸರಳಗೊಳಿಸಿ ಬರೆದರು. ಬೆರಳಿಗೆ ಎಟುಕದ ಎತ್ತರವನ್ನು ಇಳಿಸುವುದು, ಕಷ್ಟದ ಶ್ರುತಿಯನ್ನು ಬದಲಿಸುವುದು, ರಾಗವನ್ನು ಎಲ್ಲ ಗುಂಪುಗಳಿಗೂ ಹಂಚುವುದು ಅವರ ಕ್ರಮ. ಅವರ ನೂರಾರು ಸಂಯೋಜನೆಗಳು ಅಚ್ಚಾಗಿ ದೇಶದಾದ್ಯಂತ ಹರಡಿದವು. ಅಮೆರಿಕದ ಶಾಲಾ ಸ್ವರಪ್ರತಿಗಳಲ್ಲಿ ವಾಡಿಕೆಯಾಗಿ ಸಿಗುವ ‘ಮೂರನೆಯ ಪಿಟೀಲು’ ಹಾಳೆಯೂ ಇಂಥ ಅಗತ್ಯದ ಕೂಸು: ವಯೊಲಾ ನುಡಿಸುವವರು ಸಿಗದ ಶಾಲೆಯಲ್ಲಿ ಅದರ ಸ್ವರಗಳನ್ನು ಪಿಟೀಲಿನವರು ಓದುವ ಲಿಪಿಯಲ್ಲೇ ಬರೆದುಕೊಡುವ ವ್ಯವಸ್ಥೆ ಅದು.

ರಚನಕಾರರು ಮಕ್ಕಳಿಗಾಗಿ ಬರೆದಾಗ

ದೊಡ್ಡ ಕೃತಿಯನ್ನು ಕಿರಿದುಗೊಳಿಸುವುದು ಒಂದು ದಾರಿಯಾದರೆ, ಮಕ್ಕಳ ಕೈಯನ್ನು ಮನಸ್ಸಿನಲ್ಲಿಟ್ಟು ಹೊಸದಾಗಿ ಬರೆಯುವುದು ಇನ್ನೊಂದು ದಾರಿ. ಗುಸ್ಟಾವ್ ಹೋಲ್ಸ್ಟ್ 1905ರಿಂದ 1934ರಲ್ಲಿ ತೀರಿಕೊಳ್ಳುವವರೆಗೂ ಲಂಡನ್ನಿನ ಸೇಂಟ್ ಪಾಲ್ಸ್ ಬಾಲಕಿಯರ ಶಾಲೆಯಲ್ಲಿ ಶಿಕ್ಷಕರಾಗಿದ್ದರು. ಅಲ್ಲಿನ ಮೇಳಕ್ಕಾಗಿ ಬರೆದ ‘ಸೇಂಟ್ ಪಾಲ್ಸ್ ಸ್ವೀಟ್’ 1913ರಲ್ಲಿ ಮುಗಿಯಿತು. ಅದರ ಕೊನೆಯ ಭಾಗದಲ್ಲಿ ಹಳೆಯ ಇಂಗ್ಲಿಷ್ ಕುಣಿತದ ಧಾಟಿಯೊಂದು ಓಡುತ್ತಿರುವಾಗಲೇ ‘ಗ್ರೀನ್‌ಸ್ಲೀವ್ಸ್’ ರಾಗ ಬಂದು ಅದರೊಳಗೆ ಹೆಣೆದುಕೊಳ್ಳುತ್ತದೆ. ಈ ಕೃತಿ ಪಳಗಿದ ಕೈಗಳಿಗೆ. ಚಿಕ್ಕ ಹುಡುಗಿಯರ ಮೇಳಕ್ಕೆಂದು 1933ರಲ್ಲಿ ಅವರು ‘ಬ್ರೂಕ್ ಗ್ರೀನ್ ಸ್ವೀಟ್’ ಬರೆದರು. ಅದರ ಹೆಸರು ಶಾಲೆಯಿದ್ದ ಬಡಾವಣೆಯದು.

ಜರ್ಮನಿಯಲ್ಲಿ 1920ರ ದಶಕದ ಯುವ ಸಂಗೀತ ಚಳವಳಿ, ಸಂಗೀತವನ್ನು ಕೇಳುವುದಕ್ಕಿಂತ ಕೂಡಿ ನುಡಿಸುವುದು ದೊಡ್ಡದು ಎಂದು ಸಾರಿತು. ಪಾಲ್ ಹಿಂಡಮಿತ್ 1927ರಲ್ಲಿ ಅದಕ್ಕೆ ಸ್ಪಂದಿಸಿ ಶಾಲಾ ಮೇಳಗಳಿಗೆ ನಾಲ್ಕು ಸಂಪುಟ ಬರೆದರು. ಎಡಗೈಯನ್ನು ಜರುಗಿಸಬೇಕಿಲ್ಲದ ಮೊದಲ ಸ್ಥಾನದಲ್ಲೇ ನುಡಿಸಬಹುದಾದ ಈ ರಚನೆಗಳು ತೀರಾ ಹೊಸಬರಿಂದ ಶುರುವಾಗಿ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತವೆ. ಬೆರಳಿಗೆ ಸುಲಭವಾದರೂ ಕಿವಿಗೆ ಅವು ತಮ್ಮ ಕಾಲದ ಹೊಸ ಸಂಗೀತವೇ. ಫ್ರೈಬುರ್ಗ್‌ನ ಪಿಟೀಲು ಶಿಕ್ಷಕ ಎರಿಕ್ ಡೋಫ್ಲೈನ್ ಕೇಳಿಕೊಂಡದ್ದರಿಂದ ಬೇಲ ಬಾರ್ತೋಕ್ 1931ರಲ್ಲಿ ಎರಡು ಪಿಟೀಲುಗಳಿಗೆ 44 ಜೋಡಿ ರಚನೆಗಳನ್ನು ಬರೆದರು. ಅವುಗಳಲ್ಲಿ ಹೆಚ್ಚಿನವಕ್ಕೆ ಪೂರ್ವ ಯುರೋಪಿನ ಹಳ್ಳಿಗಳ ಹಾಡುಗಳು ಮೂಲ. ಬೆಂಜಮಿನ್ ಬ್ರಿಟನ್ 1934ರಲ್ಲಿ ಮುಗಿಸಿದ ‘ಸಿಂಪಲ್ ಸಿಂಫನಿ’ಗೆ ತಾವು ಬಾಲಕರಾಗಿದ್ದಾಗ ಕಟ್ಟಿದ ರಾಗಗಳನ್ನೇ ಬಳಸಿದರು. ಅದರ ಎರಡನೆಯ ಭಾಗದಲ್ಲಿ ಕಮಾನಿಗೆ ಕೆಲಸವಿಲ್ಲ; ಬರೀ ಬೆರಳಿನಿಂದ ಮೀಟಬೇಕು.

ಮೂರು ಅಂತಸ್ತಿನ ಕೃತಿ

ಮೇಳದೊಳಗಿನ ಅಸಮಾನತೆಗೆ ಅತ್ಯಂತ ನೇರವಾದ ಉತ್ತರ ಕೊಟ್ಟವರು ರಾಲ್ಫ್ ವಾನ್ ವಿಲಿಯಮ್ಸ್. ಮೇರಿ ಇಬರ್‌ಸನ್ ಎಂಬ ಮಹಿಳೆ 1929ರಲ್ಲಿ ಹರ್ಟ್‌ಫರ್ಡ್‌ಷೈರ್‌ನಲ್ಲಿ ಆರಂಭಿಸಿದ ಗ್ರಾಮೀಣ ಸಂಗೀತ ಶಾಲೆ, ಹಳ್ಳಿಯ ಜನಕ್ಕೆ ಕಡಿಮೆ ಖರ್ಚಿನಲ್ಲಿ ಗುಂಪು ಪಾಠ ಕೊಡುತ್ತಿತ್ತು. ಇಂಥ ಶಾಲೆಗಳ ಸಂಘಕ್ಕೆ ಇಪ್ಪತ್ತೊಂದು ತುಂಬಿದ ಸಂಭ್ರಮಕ್ಕೆ ವಾನ್ ವಿಲಿಯಮ್ಸ್ ‘ಕನ್ಚೆರ್ಟೊ ಗ್ರೊಸ್ಸೊ’ ಬರೆದುಕೊಟ್ಟರು. 1950ರ ನವೆಂಬರ್‌ನಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಏಡ್ರಿಯನ್ ಬೋಲ್ಟ್ ನಿರ್ದೇಶನದಲ್ಲಿ ಸುಮಾರು ನಾನೂರು ಮಂದಿ ಅದನ್ನು ನುಡಿಸಿದರು.

ಈ ಕೃತಿಯಲ್ಲಿ ವಾದಕರನ್ನು ಮೂರು ಪಂಗಡವಾಗಿ ವಿಂಗಡಿಸಲಾಗಿದೆ. ಮೊದಲನೆಯದು ನುರಿತವರದು. ಎರಡನೆಯದು ಮೂರನೆಯ ಸ್ಥಾನದವರೆಗೆ ಕೈ ಜರುಗಿಸಿ ಎರಡು ತಂತಿಗಳನ್ನು ಒಟ್ಟಿಗೆ ನುಡಿಸಬಲ್ಲವರದು. ಮೂರನೆಯದು ಹೊಸಬರದು, ಬೆರಳನ್ನೇ ಇಡದೆ ಖಾಲಿ ತಂತಿಗಳನ್ನಷ್ಟೇ ನುಡಿಸುವವರಿಗೂ ಅಲ್ಲಿ ಹಾಳೆಯಿದೆ. ಎರಡನೆಯ ಭಾಗವಂತೂ ಖಾಲಿ ತಂತಿಗಳ ನಾದದ ಮೇಲೆಯೇ ನಿಂತಿದೆ. ನಿನ್ನೆ ಕಮಾನು ಹಿಡಿದವರು ಬಿಟ್ಟುಹೋದರೆ ಕೃತಿ ಸೊರಗುತ್ತದೆ. ಸುಲಭವಾದ ಹಾಳೆ ಮೇಳಕ್ಕೆ ಅನಿವಾರ್ಯವೂ ಆಗಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವಿಲ್ಲ.

ದರ್ಜೆಗಳ ಕಾಲ

ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ತಂತಿವಾದ್ಯ ಶಿಕ್ಷಕರು ಸಂಘಟಿತರಾದರು. ಅವರ ರಾಷ್ಟ್ರೀಯ ಸಂಘ ಹುಟ್ಟಿದ್ದು 1946ರಲ್ಲಿ. 1964ರಲ್ಲಿ ಜಪಾನಿನ ಶಿನಿಚಿ ಸುಜುಕಿ ಹತ್ತು ಮಕ್ಕಳನ್ನು ಕರೆದುಕೊಂಡು ಅಮೆರಿಕದಲ್ಲಿ ಪ್ರವಾಸ ಮಾಡಿದಾಗ ಅವರ ವಾದನ ಶಿಕ್ಷಕರನ್ನು ಬೆರಗುಗೊಳಿಸಿತು. ಸುಜುಕಿ ಪದ್ಧತಿಯಲ್ಲಿ ಮಗು ಮಾತು ಕಲಿಯುವಂತೆ ಕೇಳಿ ಕಲಿಯುತ್ತದೆ. ಲಿಪಿ ಓದುವುದು ಆಮೇಲೆ. ಇಂಥ ಮಕ್ಕಳು ಮೇಳಕ್ಕೆ ಬಂದಾಗ ಕೈ ಮುಂದೆ, ಕಣ್ಣು ಹಿಂದೆ. ನುಡಿಸುವ ಶಕ್ತಿಯನ್ನೂ ಓದುವ ಶಕ್ತಿಯನ್ನೂ ಬೇರೆಬೇರೆಯಾಗಿ ಅಳೆದು ಕೃತಿ ಆರಿಸಬೇಕೆಂಬುದು ಶಿಕ್ಷಕರಿಗೆ ಮನವರಿಕೆಯಾಯಿತು. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಹಂಗೇರಿ ಮೂಲದ ಪಾಲ್ ರೋಲಂಡ್ ಅದೇ ದಶಕದಲ್ಲಿ ಮಕ್ಕಳ ಮೈ, ತೋಳು, ಮಣಿಕಟ್ಟುಗಳ ಚಲನೆಯನ್ನು ಅಭ್ಯಸಿಸಿದರು. ಒಂದೊಂದು ಚಲನೆಯನ್ನು ಕಲಿಸಲೆಂದೇ ರೋಲಂಡ್ ಅವರಿಗೆ ರಚನಕಾರ ಸ್ಟ್ಯಾನ್ಲಿ ಫ್ಲೆಚರ್ ಪುಟ್ಟ ರಾಗಗಳನ್ನು ಕಟ್ಟಿಕೊಟ್ಟರು.

ಈ ಎಲ್ಲ ಅನುಭವ ಒಂದರಿಂದ ಆರರವರೆಗಿನ ದರ್ಜೆಗಳಲ್ಲಿ ಹರಳುಗಟ್ಟಿದೆ. ನ್ಯೂಯಾರ್ಕ್ ಮತ್ತು ಟೆಕ್ಸಸ್ ರಾಜ್ಯಗಳ ಶಾಲಾ ಸಂಗೀತ ಪಟ್ಟಿಗಳು ಹೆಸರುವಾಸಿ. ಪ್ರಕಾಶಕರೂ ಪ್ರತಿ ಕೃತಿಯ ಮೇಲೆ ದರ್ಜೆ ನಮೂದಿಸುತ್ತಾರೆ. ಮೊದಲ ದರ್ಜೆಯಲ್ಲಿ ಡಿ ಮತ್ತು ಜಿ ಮೇಜರ್, ಸರಳ ಲಯ, ದೊಡ್ಡಕ್ಷರದ ಅಚ್ಚು. ಎರಡರಲ್ಲಿ ಎರಡನೆಯ ಬೆರಳು ಹಿಂದಕ್ಕೆ ಸರಿಯುವ ಸಿ ಮೇಜರ್, ಒಂದೇ ಕಮಾನಿನಲ್ಲಿ ಒಂದಕ್ಕಿಂತ ಹೆಚ್ಚು ಸ್ವರ. ಮೂರರ ಹೊತ್ತಿಗೆ ಕೈ ಜರುಗಿಸುವುದು, ಹೊಸ ತಾಳಗತಿಗಳು. ಕೊನೆಯ ದರ್ಜೆಗಳಲ್ಲಿ ವೃತ್ತಿಪರ ಮೇಳಗಳು ನುಡಿಸುವ ಮೂಲಕೃತಿಗಳೇ ಬರುತ್ತವೆ.

ದರ್ಜೆಯ ಅಂಕಿ ಮೇಳದ ಒಟ್ಟು ಶಕ್ತಿಯನ್ನು ಮಾತ್ರ ಹೇಳಬಲ್ಲದು. ಅನುಭವಿ ಶಿಕ್ಷಕರು ಸ್ಕೋರನ್ನು ಮೇಲಿನ ಸಾಲಿನಿಂದಲ್ಲದೆ ಕೆಳಗಿನ ಸಾಲುಗಳಿಂದಲೂ ಓದುತ್ತಾರೆ. ವಯೊಲಾಕ್ಕೆ ಒಮ್ಮೆಯಾದರೂ ರಾಗ ಸಿಕ್ಕಿದೆಯೇ? ಬಾಸಿನವರಿಗೆ ದೀರ್ಘಸ್ವರ ಬಿಟ್ಟು ಬೇರೇನಾದರೂ ಇದೆಯೇ? ಎರಡನೆಯ ಪಿಟೀಲಿನ ಬೆರಳಿಗೆ ಎಟುಕದ ತಿರುವು ಎಲ್ಲಿದೆ? ಕಮಾನು ಮೇಲೆಳೆಯಬೇಕೋ ಕೆಳಗೆಳೆಯಬೇಕೋ ಎಂಬ ಗುರುತುಗಳು ಒಂದಕ್ಕೊಂದು ಹೊಂದುತ್ತವೆಯೇ? ಒಂದೂವರೆ ತಿಂಗಳ ಅಭ್ಯಾಸವನ್ನು ತಾಳಿಕೊಳ್ಳುವಷ್ಟು ಸತ್ವ ಈ ಸಂಗೀತದಲ್ಲಿದೆಯೇ? ಕೊರಿಯಾದಲ್ಲಿ ಹುಟ್ಟಿದ ಸೂನ್ ಹೀ ನ್ಯೂಬೋಲ್ಡ್ ಅವರಂತಹ ಅಮೆರಿಕದ ಇಂದಿನ ರಚನಕಾರರು ಶಾಲಾ ಮೇಳಗಳಿಗಾಗಿಯೇ ಬರೆಯುವುದರಿಂದ ಈ ಪ್ರಶ್ನೆಗಳನ್ನು ಹಿಡಿದು ಹುಡುಕುವವರಿಗೆ ಹಿಂದೆಂದಿಗಿಂತ ಹೆಚ್ಚು ಕೃತಿಗಳು ಸಿಗುತ್ತವೆ.

ಮೇಡ್‌ಸ್ಟನ್‌ನ ಶಿಕ್ಷಕರ ಮುಂದೆ ಎಲ್ಲರಿಗೂ ಒಂದೇ ಹಾಳೆಯಿತ್ತು. ಇಂದಿನ ಶಿಕ್ಷಕರ ಮುಂದೆ ಸಾವಿರಾರು ಕೃತಿಗಳಿವೆ. ಪ್ರತಿ ಕೃತಿಯಲ್ಲೂ ಪ್ರತಿ ಗುಂಪಿಗೆ ಬೇರೆ ಹಾಳೆಯಿದೆ. ಆಯ್ಕೆಯ ಕೆಲಸ ಶುರುವಾಗುವುದು ಮಾತ್ರ ಇಂದಿಗೂ ಆ ಮೂರು ತಂತಿಗಳಿಂದ, ಅವುಗಳ ಮೇಲೆ ಊರಲು ಕಲಿಯುತ್ತಿರುವ ಬೆರಳುಗಳಿಂದ.